ಮುಂದಿನ ಸೀಟಿನ ಮಾತು

ಉಣಕಲ್, ಹುಬ್ಬಳ್ಳಿ
೨೬ ಮೇ ೨೦೨೫, ಸೋಮವಾರ

ಸಾನ್ವಿಯ ಅಪ್ಪಾಜಿಗೆ ದಾಕ್ಷಾಯಿಣಿಯ ಶರಣಾರ್ಥಿ.

ಹೇಗಿದ್ದೀರಿ? ಲೇಹದ ಚಳಿಗೆ ತುಟಿ ಒಡೆದಿದೆ ಅಂದಿದ್ದಿರಿ. ನಿಮ್ಮ ಪಲ್ಟನ್ನಿನ ವಿನೋದನ ಕೈಯಲ್ಲಿ ಈ ಕಾಗದದ ಜೊತೆ ತುಪ್ಪ ಕಳಿಸುತ್ತಿದ್ದೇನೆ, ತುಟಿಗೂ ಹಚ್ಚಿಕೊಳ್ಳಿ, ರೊಟ್ಟಿಗೂ ಹಚ್ಚಿಕೊಳ್ಳಿ. ಶೇಂಗಾ ಚಟ್ನಿಯನ್ನು ಇಡೀ ಪಲ್ಟನ್ನಿಗೆ ಹಂಚಿ ಬರೀ ಡಬ್ಬಿ ನೆಕ್ಕುತ್ತಾ ಕೂರಬೇಡಿ. ಅವನು ರಜೆ ಮುಗಿಸಿ ನಾಳೆ ಹೊರಡುತ್ತಾನೆ, ಶನಿವಾರದೊಳಗೆ ನಿಮ್ಮನ್ನು ಮುಟ್ಟುತ್ತಾನಂತೆ. ಸಾನ್ವಿ ಆರಾಮಾಗಿದ್ದಾಳೆ. ಸಂಜೆಯಾದರೆ ಅಜ್ಜ, ಮೊಮ್ಮಗಳು ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಾರೆ. ಅವಳು ಎಮ್ಮಿ, ಬಸ್ಸು ಅಂತ ಕೂಗುವುದು, ಅಜ್ಜ ಎಷ್ಟು ದೂರ ಐತಿ ಅಂತ ಕೇಳುವುದು. ಇದೇ ಅವರ ಹೊಸ ಆಟ. ಫೋನಿರುವಾಗ ಇವಳಿಗೇಕೆ ಕಾಗದದ ಚಟ ಅಂತ ನಗಬೇಡಿ. ನೀವು ರವಿವಾರ ಫೋನು ಮಾಡಿದಾಗ ಮಾವನವರು ಸ್ಪೀಕರ್ ಹಾಕಿಕೊಂಡು ಪಡಸಾಲೆಯಲ್ಲಿ ಕೂತಿರುತ್ತಾರೆ. ಅವರ ವಿಷಯವನ್ನು ಅವರೆದುರಿಗೇ ಹೇಗೆ ಹೇಳಲಿ?

ಮಾವನವರೂ ನಾನೂ ದುಡಿಯುವ ಕಾರ್ಖಾನೆಯವರು ದೀಪಾವಳಿಗೆ 'ಒಬ್ಬರೇ ಬರಬೇಡಿ' ಅನ್ನುವ ಯೋಜನೆ ತಂದದ್ದು ಗೊತ್ತಲ್ಲ. ಕಾರಿನಲ್ಲಿ ಒಬ್ಬರೇ ಬಂದರೆ ಗಾಡಿ ಗೇಟಿನ ಹೊರಗೆ ಬಿಸಿಲಲ್ಲಿ. ಜೊತೆಗಾರರನ್ನು ಕರೆತಂದರೆ ಒಳಗೆ ಬೇವಿನ ನೆರಳಲ್ಲಿ. ಬೇಕಾದವರಿಗೆ ಧಾರವಾಡಕ್ಕೆ ಓಡುವ ಚಿಗರಿ ಬಸ್ಸಿನ ಪಾಸೂ ಉಂಟು. ಕಾರಿಟ್ಟುಕೊಂಡು ಬಸ್ಸಿಗೆ ನಿಲ್ಲುವುದು ಮಾವನವರಿಗೆ ಅವಮಾನ. ಹೀಗಾಗಿ ಅವರು ಕಾರು ನಡೆಸುವುದು, ನಾನು ಮುಂದೆ ಕೂರುವುದು, ಉಗ್ರಾಣದ ಹುಚ್ಚಪ್ಪ ಕಾಕಾ ಮತ್ತು ನನ್ನ ಜೊತೆ ತಪಾಸಣೆ ವಿಭಾಗದಲ್ಲಿರುವ ಸುಕನ್ಯಾ ಹಿಂದೆ. ಕಾರ್ಖಾನೆಯಿರುವ ಲಕಮನಹಳ್ಳಿ ಬರುವತನಕ ಹರಟೆ. ಒಬ್ಬರೇ ಕಾರು ತೆಗೆಯುವುದನ್ನು ಮಾವನವರು ಬಿಟ್ಟೇಬಿಟ್ಟರು. ಎಷ್ಟು ಶಿಸ್ತಿನ ಮನುಷ್ಯ ಅಂದುಕೊಂಡೆ.

ಜನವರಿಯ ಮಂಜಿನಲ್ಲಿ ಒಂದು ಮುಂಜಾನೆ ನಿಂತಿದ್ದ ಲಾರಿಯ ಕಡೆಗೇ ಕಾರು ನೆಟ್ಟಗೆ ಹೊರಟಿತು. ಹುಚ್ಚಪ್ಪ ಕಾಕಾ ಕೂಗಿದ ಮೇಲೆ ಬ್ರೇಕು ಬಿತ್ತು. ಮಂಜು ಅಂದೆವು. ಮಂಜು ಹೋಗಿ ಫೆಬ್ರವರಿಯ ಬಿಸಿಲು ಬಂದರೂ ಅದೇ ಕಥೆ. ಅವರ ಕಣ್ಣು ಹೋಗುತ್ತಿದೆ ಅಂತ ಮೂವರಿಗೂ ತಿಳಿಯಿತು, ಮೂವರೂ ಬಾಯಿ ಬಿಡಲಿಲ್ಲ. ಮೂವತ್ತು ವರ್ಷದಿಂದ ಸೂಪರ್‌ವೈಸರು, ಅದರ ಮೇಲೆ ಹಿರಿಯರು. ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂದಂತಾಯಿತು. ಅದಕ್ಕೇ ಹರಟೆಯಲ್ಲೇ ಹೇಳಲು ಕಲಿತೆವು. 'ಅಯ್ಯ, ಎಮ್ಮಿ ಹೆಂಗ ಅಡ್ಡ ನಿಂತಾವ ನೋಡ್ರಿ ಮಾವಾರ' ಅಂತ ನಾನು. ಸಿಗ್ನಲ್ಲು ಇವತ್ತೂ ಕೆಂಪೇ ಸಿಕ್ಕಿತು ಅಂತ ಸುಕನ್ಯಾ. ಅವರು ಹೂಂ ಅಂದು ನಿಧಾನ ಮಾಡುವರು. ನಮ್ಮ ನಾಲ್ವರ ಫೋಟೋ 'ಆದರ್ಶ ಜೊತೆ ಪ್ರಯಾಣ' ಅಂತ ಗೇಟಿನಲ್ಲಿ ಹಚ್ಚಿದ್ದಾರೆ. ಅದರ ಎದುರಿಗೇ ನಿಂತು ಮಾವನವರು, ಫೋಟೋ ಎಲ್ಲಿ ಹಚ್ಯಾರ ಅಂತ ಗೇಟಿನ ಖಾಜಾಸಾಬನನ್ನು ಕೇಳಿದರು.

ಹೋದ ವಾರ ಸಾನ್ವಿಗೆ ಜ್ವರ ಬಂದು ನನಗೆ ನಿದ್ದೆಯಿಲ್ಲ. ಕಾರಿನಲ್ಲಿ ತೂಕಡಿಸಿದೆ. ರಾಯಾಪುರದ ಹತ್ತಿರ ರಸ್ತೆ ದಾಟುತ್ತಿದ್ದ ಮುದುಕಿಯೊಬ್ಬಳ ಸೆರಗು ನಮ್ಮ ಕನ್ನಡಿಗೆ ಸಿಕ್ಕಿ ಎಳೆದುಹೋಯಿತು. ಹಿಂತಿರುಗಿ ನೋಡಿದೆ, ಅವಳು ನಿಂತೇ ಇದ್ದಳು, ಶಿವನ ದಯೆ. ಮಾವನವರು 'ಗಾಳಿ ಭಾಳ ಐತಿ ಇವತ್ತ' ಅಂದರು. ಮರುದಿನದಿಂದ ಹುಚ್ಚಪ್ಪ ಕಾಕಾ ಮಂಡಿನೋವಿನ ನೆವ ಹೇಳಿ ಬಸ್ಸು ಹಿಡಿದರು. ಮಂಡಿನೋವಿನವರು ಬಸ್ಸು ಹತ್ತುತ್ತಾರೆಯೇ? ನಾನು ಧೈರ್ಯ ಮಾಡಿ ಕಣ್ಣಿನ ತಪಾಸಣೆಯ ಮಾತೆತ್ತಿದೆ. ಆ ರಾತ್ರಿ ಅವರು ಊಟ ಮುಟ್ಟಲಿಲ್ಲ. ಅತ್ತೆ ಬದುಕಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ಸೊಸೆಯ ಬಾಯಿಗೆ ಅಷ್ಟು ಬಲ ಎಲ್ಲಿಂದ ಬರಬೇಕು? ನನಗೆ ಹೆದರಿಕೆಯಾಗುತ್ತದೆ ರೀ. ನಾವು ಹರಟೆಯಲ್ಲಿ ದಾರಿ ಹೇಳಿಕೊಡದೆ ಸುಮ್ಮನಿದ್ದಿದ್ದರೆ ಅವರು ಎಂದೋ ಕಾರು ನಡೆಸುವುದನ್ನು ನಿಲ್ಲಿಸುತ್ತಿದ್ದರೇನೋ.

ಒಂದು ಸಮಾಧಾನದ ಸುದ್ದಿ. ಬರುವ ಸೋಮವಾರದಿಂದ ನನ್ನನ್ನೂ ಸುಕನ್ಯಾಳನ್ನೂ ಎರಡನೇ ಪಾಳಿಗೆ ಹಾಕಿದ್ದಾರೆ. ಕಾರಿಗೆ ಜನವಿಲ್ಲ ಅಂದಮೇಲೆ ಮಾವನವರು ಬಸ್ಸು ಹತ್ತಲೇಬೇಕು. ಅವತ್ತೇ ಸಾನ್ವಿಯ ಶಾಲೆಯೂ ಶುರು. ಶಾಲೆ ಕಾರ್ಖಾನೆಯ ಪಕ್ಕದಲ್ಲಿದ್ದು ಮನೆಗೆ ದೂರವಾದ್ದರಿಂದ ವ್ಯಾನು ಗೊತ್ತುಮಾಡಿದ್ದೇನೆ. ನೀವು ಚಿಂತೆ ಹಚ್ಚಿಕೊಳ್ಳದೆ ವೇಳೆಗೆ ಸರಿಯಾಗಿ ಉಣ್ಣಿ. ಸಿದ್ಧಾರೂಢಜ್ಜ ನಿಮ್ಮನ್ನು ಕಾಯಲಿ.

ನಿಮ್ಮ
ದಾಕ್ಷಾಯಿಣಿ

ತಾ.ಕ.: ಲಕೋಟೆ ಅಂಟಿಸಬೇಕು ಅನ್ನುವಾಗ ಮಾವನವರು ಒಳಗೆ ಬಂದರು. ವ್ಯಾನಿನವನಿಗೆ ಬರಬೇಡ ಅಂತ ಹೇಳಿಬಿಟ್ಟಿದ್ದಾರೆ. ಸಾನ್ವಿ ಅವರ ಕಾರಿನಲ್ಲೇ ಹೋಗುತ್ತಾಳಂತೆ, ಕೂಸು ಕೂತರೂ ಜೊತೆಗಾರರ ಎಣಿಕೆಗೆ ಬರುತ್ತದೆ ಅಂತ ಖಾಜಾಸಾಬ ಒಪ್ಪಿದ್ದಾನಂತೆ. ಸೋಮವಾರ ಅವಳಿಗೆ ಜ್ವರ ಅಂತ ಸುಳ್ಳು ಹೇಳಿಯೇನು, ಮಂಗಳವಾರ ಏನು ಹೇಳಲಿ? ರವಿವಾರದ ಫೋನಿನಲ್ಲಿ ನೀವೇ ಹೇಳಬೇಕು, ಸಿಟ್ಟಾದರೂ ಆಗಲಿ, ಹೇಳಿಯೇ ಬಿಡಿ. ಅವಳು ಇನ್ನೂ ಸಣ್ಣವಳು, ಹಿಂದೆ ಕೂರಲಿ ಅಂದೆ. ಅದಕ್ಕೆ ಅವರು ಅಂದರು: 'ಬ್ಯಾಡ, ಮುಂದಽ ಕುಂದರ್ಲಿ. ಎಮ್ಮಿ, ಲಾರಿ, ಕೆಂಪ ದೀಪ, ಎಲ್ಲಾ ಕಲಿಸೇನಿ. ಕೂಸು ನಿನಗಿಂತಾ ಲಗೂ ಹೇಳತೈತಿ.'