ಎಕ್ಸ್-ರೇ ಹಾಳೆಯಲ್ಲಿ ಕಂಡ ಹೊತ್ತು

ಸವದತ್ತಿ
ರವಿವಾರ, ೨೩ ನವೆಂಬರ್ ೨೦೦೩

ಪ್ರೀತಿಯ ಮಗಳು ಶೈಲಾ,

ನಿಮ್ಮಪ್ಪನ ಆಶೀರ್ವಾದ. ಅಲ್ಲಿಯ ಚಳಿಗೆ ಕೆಮ್ಮು ಮತ್ತೆ ತಿರುಗಿತೇ? ವೇಳೆಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲಾ ವೀಕ್ಷಣಾಲಯದ ದುರ್ಬೀನಿನ ಮುಂದೆಯೇ ಚುರುಮುರಿ ತಿಂದು ದಿನ ದೂಡುತ್ತೀಯೋ? ನನ್ನ ಅಕ್ಷರಗಳು ದೊಡ್ಡ ದೊಡ್ಡದಾಗಿವೆ ಎಂದು ನಗಬೇಡ, ಪೆನ್ನು ಸರಿಯಿಲ್ಲ. ಅವ್ವ ಫೋನಿನಲ್ಲಿ ಎರಡೇ ಮಾತಾಡಿ ಇಟ್ಟುಬಿಡುತ್ತಾಳೆ, ನೀವು ಬರೀ ಗುರುಗುಟ್ಟುತ್ತೀರಿ ಎಂದು ಬರೆದಿದ್ದೀ. ಖರೆ. ಹೇಳಿದರೆ ಹುಡುಗಿ ಕೆಲಸ ಬಿಟ್ಟು ಓಡಿ ಬರುತ್ತಾಳೆ ಎಂದು ಅವಳು ನನ್ನ ಬಾಯಿ ಕಟ್ಟಿಹಾಕಿದ್ದಳು. ಇವತ್ತು ಬಿಚ್ಚಿದ್ದಾಳೆ. ನಿಮ್ಮವ್ವನ ಕಣ್ಣಿಗೆ ಪೆಟ್ಟಾಗಿತ್ತು ಶೈಲಾ. ಗಾಬರಿಯಾಗದೆ ಪೂರ್ತಿ ಓದು.

ಅಕ್ಟೋಬರ್ ಇಪ್ಪತ್ತೆಂಟರಿಂದ ಶುರು ಮಾಡಬೇಕು. ಹನ್ನೊಂದು ವರ್ಷದಿಂದ ನಾನು ಮಾಳಿಗೆಯ ಮೇಲೆ ಸಣ್ಣ ದುರ್ಬೀನನ್ನು ಸೂರ್ಯನ ಕಡೆಗೆ ತಿರುಗಿಸಿ, ಹಿಂದೆ ಬಿಳಿ ಹಾಳೆ ಹಿಡಿದು, ಅದರ ಮೇಲೆ ಬೀಳುವ ಬಿಂಬದಲ್ಲಿ ಕಲೆಗಳನ್ನು ಪೆನ್ಸಿಲಿನಿಂದ ಗುರುತು ಮಾಡುತ್ತಾ ಬಂದವನು. ನೀನೂ ಪರಕರ ಉಟ್ಟುಕೊಂಡು ಅಲ್ಲಿಯೇ ಕೂತು ಕಲಿತವಳು. ಆ ವಾರ ಹಾಳೆಯ ಮೇಲೆ ಮೂರು ಭಾರಿ ಕಲೆಗಳಿದ್ದವು. ಇವತ್ತೋ ನಾಳೆಯೋ ಸಿಡಿಯುತ್ತದೆ ಎಂದು ಊಟ ಬಿಟ್ಟು ಕಾದಿದ್ದೆ. ಸಂಜೆ ನಾಲ್ಕೂವರೆ ದಾಟಿರಬೇಕು, ಪಕ್ಕದಲ್ಲಿದ್ದ ರೇಡಿಯೋದ ಶಾರ್ಟ್‌ವೇವ್ ಸ್ಟೇಷನ್ ಕರಕರ ಎಂದು ಸತ್ತುಹೋಯಿತು. ಬಡಿದೆ, ತಿರುವಿದೆ, ಸೆಲ್ ಮುಗಿದವು ಎಂದು ಬೈದು, ಚಪ್ಪಲಿ ಮೆಟ್ಟಿಕೊಂಡು ರೇಡಿಯೋ ರಿಪೇರಿಯ ಬುರಾನಸಾಬನ ಅಂಗಡಿಗೆ ಹೋದೆ. ಅವನು ಹೊಸ ಸೆಲ್ ಹಾಕಿದ, ಆಗಲೂ ಗಪ್‌ಚಿಪ್. "ಮಾಸ್ತರ್ರ, ಸೆಲ್ಲಿಂದ ತಪ್ಪಿಲ್ರಿ, ಆಕಾಶಕ್ಕ ಏನೋ ಆಗೇತಿ" ಎಂದು ನಕ್ಕ. ನಕ್ಕು ಹೇಳಿದ ಮಾತೇ ಖರೆ ಆಗಿತ್ತು. ಸೂರ್ಯ ಸಿಡಿದ ಎಂಟು ನಿಮಿಷಕ್ಕೆ ಅದರ ಕಿರಣ ಇಲ್ಲಿಗೆ ಮುಟ್ಟಿ, ಮೇಲಿನ ಗಾಳಿಯ ಪದರ ಕೆಡಿಸಿ, ರೇಡಿಯೋದ ದನಿ ನುಂಗಿತ್ತು. ಹನ್ನೊಂದು ವರ್ಷ ಕಾದದ್ದು ನನ್ನ ಕಿವಿಯಲ್ಲಿ ಕೂಗಿ ಹೇಳಿದರೆ, ನಾನು ಸೆಲ್ ಕೊಳ್ಳಲು ಹೋಗಿದ್ದೆ! ಮನೆಗೆ ಬಂದು ತಲೆ ತಲೆ ಬಡಿದುಕೊಂಡೆ.

ಮರುದಿನ ಮುಂಜಾನೆ ನಿನ್ನ ಫೋನು ಬಂದಾಗ ನಾನು ಬಚ್ಚಲಲ್ಲಿದ್ದೆ. "ಅವ್ವಾ, ಅಪ್ಪಗ ಹೇಳು, ನಿನ್ನೆ ಎಕ್ಸ್ ಹದಿನೇಳು ಸಿಡೀತು. ಬರೇಗಣ್ಣಿಗೆ ಅದು ಗೊತ್ತಾಗಂಗಿಲ್ಲ, ಎಕ್ಸ್-ರೇದಾಗ ನೋಡಿ ಅಳೀತಾರ" ಎಂದೆಯಂತೆ. ಅದರಲ್ಲಿ ತಪ್ಪಿಲ್ಲ. ಸಿಡಿತಗಳನ್ನು ಎ, ಬಿ, ಸಿ, ಎಮ್, ಎಕ್ಸ್ ಎಂದು ದರ್ಜೆ ಮಾಡುತ್ತಾರೆ, ಹಿಂದಿನದಕ್ಕಿಂತ ಮುಂದಿನದು ಹತ್ತು ಪಟ್ಟು ಜೋರು ಎಂದು ನಾನೇ ನಿಮ್ಮವ್ವನಿಗೆ ನೂರು ಸಲ ಹೇಳಿದ್ದೆ. "ಸಿ ಆದಮ್ಯಾಲೆ ಡಿ ಎಲ್ಲಿ ಹೋತ್ರಿ? ಮಾಸ್ತರಕಿ ಮಾಡಿದವ್ರು ನೀವು!" ಎಂದು ಕಾಡಿಸುತ್ತಿದ್ದಳು. ಆದರೆ ಆ ಎಕ್ಸ್-ರೇ ಅಳೆಯುವ ಯಂತ್ರ ಮೇಲೆ ಉಪಗ್ರಹದಲ್ಲಿರುತ್ತದೆ ಎಂಬುದನ್ನು ಮಾತ್ರ ಯಾವತ್ತೂ ಹೇಳಿರಲಿಲ್ಲ. ಅವಳಿಗೆ ಗೊತ್ತಿದ್ದ ಎಕ್ಸ್-ರೇ ಒಂದೇ. ಎಲ್ಲಮ್ಮನ ಗುಡ್ಡದ ಮೆಟ್ಟಿಲ ಮೇಲೆ ಜಾರಿಬಿದ್ದು ಮುಂಗೈ ಮುರಿದಾಗ ತೆಗೆಸಿದ್ದು. ಟ್ರಂಕಿನಿಂದ ಅದನ್ನು ತೆಗೆದುಕೊಂಡು ಮಾಳಿಗೆ ಹತ್ತಿದಳು.

ನಾನು ಮೈ ಒರೆಸಿಕೊಂಡು ಮೇಲೆ ಹೋದರೆ, ತನ್ನದೇ ಕೈಯ ಎಲುಬಿನ ಚಿತ್ರ ಕಣ್ಣಿಗೆ ಹಿಡಿದು ಸೂರ್ಯನನ್ನು ನೋಡುತ್ತಾ ನಿಂತಿದ್ದಾಳೆ. "ಕಾಣತಾವ್ರೀ! ಮೂರು ಕಲಿ!" ಎಂದು ಹುಡುಗಿಯ ಹಾಗೆ ಕುಣಿದಳು. ಹಾಳೆ ಕಸಿದುಕೊಂಡು ಬಾಯಿಗೆ ಬಂದಂತೆ ಬೈದೆ. ನಿನಗ ತಲಿ ಐತೇನು, ಕಣ್ಣ ಕಳಕೊಂಡು ಕುಂದರತಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಅವಳ ಮುಖ ಸಣ್ಣದಾಯಿತು. "ಹಬ್ಬಕ್ಕೂ ಬರಲಿಲ್ಲ ನನ್ನ ಮಗಳು. ಅಂಥಾದ್ದೇನೈತಿ ಆ ಉರಿಯೋ ಹೊತ್ತಿನ್ಯಾಗ ಅಂತ ಒಮ್ಮೆ ನೋಡಬೇಕನಿಸ್ತು" ಎಂದು ಕೆಳಗಿಳಿದು ಹೋದಳು.

ಸಂಜೆಗೆ ಅವಳ ಎರಡೂ ಕಣ್ಣಿನ ನಟ್ಟನಡುವೆ ಒಂದು ಕಪ್ಪು ಕಲೆ ಕೂತಿತ್ತು. ಯಾರ ಮುಖ ನೋಡಿದರೂ ಮೂಗಿರಲಿಲ್ಲ. ಬೆಳಗಾವಿಗೆ ಕರೆದುಕೊಂಡು ಹೋದೆ. ಕಣ್ಣಿನ ಒಳಪರದೆ ಸುಟ್ಟಿದೆ, ಎಕ್ಸ್-ರೇ ಹಾಳೆ ಬೆಳಕನ್ನು ಕಡಿಮೆ ಮಾಡುತ್ತದೆ, ಸುಡುವ ಕಿರಣ ತಡೆಯುವುದಿಲ್ಲ ಎಂದರು ಡಾಕ್ಟರು. ಔಷಧವಿಲ್ಲವಂತೆ. "ವಾರದಾಗ ತಿಳಿ ಆಗಬಹುದು, ತಿಂಗಳು ಹಿಡೀಬಹುದು, ಆಗದನೂ ಇರಬಹುದ್ರಿ" ಎಂದರು.

ಎಳೆ ಎಣಿಸಿ ಎಣಿಸಿ ನಲವತ್ತು ವರ್ಷ ಕಸೂತಿ ಹಾಕಿದ ಕಣ್ಣು ಅದು, ಶೈಲಾ. ನಿನಗೆಂದು ಹಿಡಿದ ಇಳಕಲ್ ಸೀರೆಯ ಸೆರಗು ಅರ್ಧಕ್ಕೇ ನಿಂತಿತು. ದಿನಾ ಮುಂಜಾನೆ ಬಾಗಿಲ ಬೆಳಕಿಗೆ ಕೂತು ಸೂಜಿಗೆ ದಾರ ಹಾಕಲು ನೋಡುತ್ತಿದ್ದಳು. ನಾನು ಪೇಪರು ಅಡ್ಡ ಹಿಡಿದು ಕಾಯುತ್ತಿದ್ದೆ. ದಾರ ಹೊರಗೇ ಬೀಳುತ್ತಿತ್ತು. ಎಂಟು ದಿನ, ಹತ್ತು ದಿನ, ಹದಿನೈದು ದಿನ. ಸೂರ್ಯನ ಕಲೆಗಳು ಸರಿಯುತ್ತಾ ಸರಿಯುತ್ತಾ ಅಂಚು ದಾಟಿ ಮರೆಯಾದವು, ಇವಳದು ಜಪ್ಪಯ್ಯ ಅಂದರೂ ಸರಿಯಲಿಲ್ಲ. ಹೆದರಿಕೆಗೆ ನನಗೆ ಬರುವುದು ಸಿಟ್ಟೊಂದೇ. ದಿನಾ ಬೈದೆ. ಪಕ್ಕದ ಮನೆಯ ರಾಚವ್ವ ಒಂದು ದಿನ ಕಟ್ಟೆಯ ಮೇಲಿಂದಲೇ, "ಸಾಕ್ ಮಾಡ್ರಿ ಮಾಸ್ತರ್ರ, ಸುಟ್ಟ ಗಾಯಕ್ಕ ಉಪ್ಪ ಹಚ್ಚಬ್ಯಾಡ್ರಿ" ಎಂದಳು. ನನಗೆ ನಾಚಿಕೆಯಾಯಿತು.

ಸೂರ್ಯ ಒಂದು ಸುತ್ತು ತಿರುಗಲು ಇಪ್ಪತ್ತೇಳು ದಿನವಲ್ಲವೇ? ಮರೆಯಾದ ಕಲೆಗಳು ಈ ವಾರ ಆಚೆಯ ಅಂಚಿನಿಂದ ಮತ್ತೆ ಮುಖ ತೋರಿಸಿವೆ. ಇವತ್ತು ಮುಂಜಾನೆ ನಿಮ್ಮವ್ವ ಬಾಗಿಲಲ್ಲಿ ಕೂತವಳು ಒಮ್ಮೆಲೇ "ಯವ್ವಾ!" ಎಂದು ಚೀರಿದಳು. ಓಡಿ ಹೋದೆ. ದಾರ ಸೂಜಿಯೊಳಗಿತ್ತು. ಮೊದಲ ಸಲಕ್ಕೇ! ಒಂದು ಸಾಲು ಹಾಕಿಯೂ ಬಿಟ್ಟಳು, ಒಂದೆಳೆ ತಪ್ಪಿಲ್ಲವಂತೆ. ಮುದುಕ ಮುದುಕಿ ಹೊಸ್ತಿಲಲ್ಲಿ ಕೂತು ಅತ್ತೆವು. ನಿನ್ನ ಮಾತಿನಿಂದ ಹೀಗಾಯಿತು ಎಂದು ಮನಸ್ಸಿಗೆ ಹಚ್ಚಿಕೊಂಡೀಯ, ಜೋಕೆ. ಅರ್ಧ ಪಾಠ ಹೇಳಿಕೊಟ್ಟವನು ನಾನು.

ಎಲ್ಲಮ್ಮತಾಯಿ ನಿನ್ನನ್ನು ತಣ್ಣಗಿಡಲಿ. ಕೆಮ್ಮಿಗೆ ಅರಿಷಿಣ ಹಾಕಿ ಹಾಲು ಕುಡಿ. ಅವ್ವ ಸಾವಿರ ಮುತ್ತು ಹೇಳಿದ್ದಾಳೆ.

ನಿನ್ನ ಸಿಟ್ಟಿನ ಅಪ್ಪ,
ಗಂಗಯ್ಯ

ತಾ.ಕ.: ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಆ ದಿನ ಹಾಳೆ ಕಸಿದುಕೊಂಡೆ ಎಂದೆನಲ್ಲ, ಎಸೆಯಲಿಲ್ಲ. ಅವಳು ಕೆಳಗಿಳಿದ ಮೇಲೆ ನಾನೂ ನೋಡಿದೆ, ಅವಳಿಗಿಂತ ಎಷ್ಟೋ ಹೆಚ್ಚು. ಹಿಂದಿನ ದಿನ ತಪ್ಪಿಸಿಕೊಂಡದ್ದರ ಹೊಟ್ಟೆಕಿಚ್ಚು. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಬೇಡ ಎಂದು ಕಲಿಸಿದ್ದನ್ನೇ ಮಾಡಿದೆ. ಅವಳ ಕಲೆ ಹೋಯಿತು, ನನ್ನದು ಹೋಗಿಲ್ಲ. ಡಾಕ್ಟರ ಮುಂದೆಯೂ ಬಾಯಿ ಬಿಡಲಿಲ್ಲ. ಇಪ್ಪತ್ತೈದು ದಿನ ಅವಳಿಗೆ ಬೈದದ್ದೆಲ್ಲ ನನಗೇ ಬೈದುಕೊಂಡದ್ದು. ಬಂದು ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು, ಅವಳಿಗೆ ಹೇಳಬೇಡ ಎಂದು ಬರೆಯಬೇಕೆಂದಿದ್ದೆ. ಆದರೆ ಈಗ ಈ ಕಾಗದದ ಮೇಲೆ ಬೆರಳಾಡಿಸಿ ನೋಡು. ಪ್ರತಿ ಸಾಲಿನ ಕೆಳಗೂ ಸೂಜಿ ಚುಚ್ಚಿದ ಗೆರೆ ಇದೆ. ಇವತ್ತು ಮುಂಜಾನೆ ಆ ಒಂದು ಸಾಲು ಹಾಕಿ ಮುಗಿಸಿದ್ದೇ ಅವಳು ಮಾಡಿದ ಮೊದಲ ಕೆಲಸ ಅದು. ಕಾಗದ ನನ್ನ ಕೈಗಿಟ್ಟು, "ಬೆರಳಿಗೆ ಹತ್ತತಾವ, ಅವನ್ನ ಹಿಡಕೊಂಡು ಬರೀರಿ. ಸಾಲು ಸೊಟ್ಟ ಆದ್ರ ಹುಡುಗಿ ಅಂಜತಾಳ" ಎಂದಳು.