ಕಿಂಗ್‌ಸ್ಟನ್ನಿನಿಂದಾಚೆ ಬೇರೆ ಸೀಟು

ಅಕ್ಟೋಬರ್ ೧೯, ಭಾನುವಾರ. ಸ್ಟೌಫ್‌ವಿಲ್.

ಒಟ್ಟಾವಾದಿಂದ ನೇರ ಟಿಕೆಟ್ ತೆಗೆದರೆ ಇವರ ಗಂಟೇನು ಹೋಗುತ್ತಿತ್ತೋ! ಕಿಂಗ್‌ಸ್ಟನ್‌ವರೆಗೆ ಒಂದು, ಅಲ್ಲಿಂದ ಟೊರಾಂಟೊಗೆ ಇನ್ನೊಂದು ಎಂದು ತುಂಡು ಮಾಡಿ ಅಗ್ಗಕ್ಕೆ ತೆಗೆದಿದ್ದರು. ಕಿಂಗ್‌ಸ್ಟನ್ನಿನಲ್ಲಿ ರೈಲು ಬದಲಿಸುವಾಗ ನೋಡಿದರೆ, ಇವರ ಸೀಟು ಒಂದು ಬೋಗಿಯಲ್ಲಿ, ನನ್ನದು ಇನ್ನೊಂದರಲ್ಲಿ. ರೊಟ್ಟಿ ಇವರ ಚೀಲದಲ್ಲಿ, ಶೇಂಗಾ ಚಟ್ನಿ ನನ್ನದರಲ್ಲಿ.

ಕಿಟಕಿಯ ಪಕ್ಕ ಒಬ್ಬಳೇ ಕುಳಿತೆ. ಸರೋವರ ಬಂತು, ಹೋಯಿತು. ಅದರ ಆಳ ಎಷ್ಟೆಂದು ಯಾರೂ ನನಗೆ ವಿವರಿಸಲಿಲ್ಲ. ಎಷ್ಟು ಚೆನ್ನಾಗಿತ್ತು! ಹತ್ತುವಾಗ ಇವರ ಪೇಚಾಟ ನೋಡಿದ್ದ ಪಕ್ಕದ ಹೆಂಗಸು, ಪಾಪ, ನನ್ನ ಗಂಡನಿಗೆ ತನ್ನ ಸೀಟು ಬಿಟ್ಟುಕೊಡುತ್ತೇನೆ ಎಂದಳು.

“ನೋ ನೋ, ಹೀ ಇಸ್ ಫೈನ್” ಅಂದೆ.

ಟೊರಾಂಟೊದ ಯೂನಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ಇವರ ಮುಖ ಸಪ್ಪಗಾಗಿತ್ತು. ಬರೀ ರೊಟ್ಟಿ ತಿಂದಿದ್ದರಂತೆ.

“ತಪ್ಪಾತು. ಮುಂದಿನ ಸಲ ಡೈರೆಕ್ಟ್ ಟಿಕೆಟ್ಟೇ ತಗೋತೀನಿ, ರೊಕ್ಕ ಹೋದ್ರ ಹೋಗ್ಲಿ.”

“ಯಾಕ್ರೀ, ಸುಮ್ನ ರೊಕ್ಕ ದಂಡ? ಹಿಂಗ ತಗೋರಿ.”

ಅಂತೂ ನನಗೂ ಉಳಿತಾಯದ ಬುದ್ಧಿ ಬಂತೆಂದು ಮನೆ ಮುಟ್ಟುವವರೆಗೂ ಹೊಗಳಿದರು. ಈಗ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾರೆ. ಹಾಗೆಯೇ ತಿಳಿದುಕೊಂಡಿರಲಿ. ಮುಂದಿನ ಸಲ ರೊಟ್ಟಿಯನ್ನೂ ಚಟ್ನಿಯನ್ನೂ ಎರಡು ಡಬ್ಬಿಗೆ ಹಂಚಿ ಕಟ್ಟಬೇಕು.