ಮೀಸೆ ತೆಗೆದದ್ದಕ್ಕೆ ಹೆದರಬೇಡ

ಅಮ್ಮ,

ಬೇಸಿನ್ನಿನಲ್ಲಿ ಮೀಸೆಯ ಕೂದಲು ಕಂಡು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಡೊಂಬಿವಲಿಯ ಕನ್ನಡ ಸಂಘದವರ ಸಂಗೀತ ನಾಟಕಕ್ಕೆ ಇವತ್ತು ಆಡಿಷನ್. ಹೆಣ್ಣು ಪಾತ್ರವನ್ನೂ ಗಂಡಸರೇ ಹಾಡಬೇಕಂತೆ. ನಾನು ತಾಯಿಯ ಪಾತ್ರ ಕೇಳಿದ್ದೇನೆ. ನಿನ್ನೆಯೇ ಹೇಳಿದ್ದರೆ ನೀನು ಬಿಡುತ್ತಿರಲಿಲ್ಲ.

ಹಾಲು ಕಾಯಿಸಿಟ್ಟಿದ್ದೇನೆ. ಅದನ್ನು ತರಲು ಕೆಳಗೆ ಹೋದಾಗ ಎದುರು ಬಿಲ್ಡಿಂಗಿನ ಯಜ್ಞೇಶ್ವರಣ್ಣ ನನ್ನ ಮುಖ ನೋಡಿದವರೇ, "ಅಯ್ಯೋ, ಅಮ್ಮ ಯಾವಾಗ ಹೋದದ್ದು ಮಾರಾಯ?" ಎಂದರು. ಮೀಸೆ ಬೋಳಿಸಿದರೆ ನಮ್ಮ ಉಡುಪಿಯವರಿಗೆ ಬೇರೇನು ಹೊಳೆಯುತ್ತದೆ? ಅವರು ಊರಿಗೆಲ್ಲ ಫೋನ್ ಮಾಡುವ ಮೊದಲು ನೀನೊಮ್ಮೆ ಬಾಲ್ಕನಿಗೆ ಬಂದು ಜೋರಾಗಿ ಅವರನ್ನು ಕರೆ.

ಬಿ.ಪಿ. ಮಾತ್ರೆ ತಿಂಡಿಯ ನಂತರ, ಮೊದಲಲ್ಲ. ಎಷ್ಟು ಸಲ ಹೇಳುವುದು?

ಹೋಟೆಲಿನಿಂದ ಹುಡುಗರು ಫೋನ್ ಮಾಡಿದರೆ ನನಗೆ ಜ್ವರ ಎನ್ನು.

ನಿನ್ನ ಹಸಿರು ಸೀರೆ ಒಯ್ದದ್ದು ನಾನೇ, ಕೆಲಸದವಳನ್ನು ಗದರಿಸಬೇಡ. ಬೆಳಗಿನಿಂದ ಅದನ್ನು ಮಡಚುವುದು, ಬಿಚ್ಚುವುದು, ಇದೇ ಆಯಿತು. ಹಾಡು ಶ್ರುತಿಗೆ ಕೂರುತ್ತಿಲ್ಲ. ಠಾಣೆಯಲ್ಲಿ ಟ್ರೇನ್ ಬದಲಿಸುವಾಗ ಡೊಂಬಿವಲಿಯೂ ಬೇಡ, ಏನೂ ಬೇಡ ಎಂದು ಸಾನಪಾಡಾದ ಮನೆಗೇ ಹಿಂದಿರುಗಿ ಬಂದರೂ ಬಂದೆ. ಬಂದರೆ ಏನೂ ಕೇಳಬೇಡ.

ಅಪ್ಪ ಹೋದಾಗ ಮೀಸೆ ತೆಗೆದವನು ಮತ್ತೆ ತೆಗೆದದ್ದು ಇವತ್ತೇ. ಆಗ ಕನ್ನಡಿ ನೋಡಿರಲಿಲ್ಲ. ಇವತ್ತು ನೋಡಿದರೆ ಅದರೊಳಗೆ ನೀನೇ ನಿಂತಿದ್ದೆ, ಇನ್ನೇನು ಬೈಯುತ್ತೀ ಎನ್ನುವ ಹಾಗೆ. ಮಲಗಿದ್ದವಳನ್ನು ಎಬ್ಬಿಸಿ ಕಾಲಿಗೆ ಬೀಳುವ ಧೈರ್ಯವಾಗಲಿಲ್ಲ. ಕನ್ನಡಿಗೇ ಕೈಮುಗಿದು ಹೊರಟಿದ್ದೇನೆ.

ರಮಾನಾಥ